ನಡುವಿನವರ ಕೈಲಿ ಕೇಳಿಸಿದ್ದು

ಇವತ್ತು ಬೆಳಿಗ್ಗೆ ಲ್ಯಾಪ್‌ಟಾಪಿನ ಪರದೆಯ ಮೇಲೆ ಸರಸರನೆ ಇಳಿಯುತ್ತಿದ್ದ ಸಾಲುಗಳನ್ನು ನೋಡುತ್ತ ಕಾಫಿ ಕುಡಿಯುವುದನ್ನೇ ಮರೆತೆ. ಶಿಕಾರಿಪುರದ ಒಂದು ಬೀಜ-ಗೊಬ್ಬರದಂಗಡಿಗೆ ನಾನು ಬರೆದುಕೊಟ್ಟ ಪ್ರೋಗ್ರಾಂ ಅದು. ಯಾವ ರೈತರು ಯಾವ ಬೀಜ ಒಯ್ದರು ಎಂದು ನಾನು ಕೇಳಿದ್ದು ಒಂದೇ ಮಾತು. ನಡುವೆ ನಿಂತ ಸಲಕರಣೆ ಮಾತ್ರ ಒಬ್ಬೊಬ್ಬ ರೈತನಿಗೂ ಒಂದೊಂದು ಸಲ ಲೆಕ್ಕವೆಲ್ಲ ಕೂಡಿಟ್ಟ ಡೇಟಾಬೇಸಿನ ಬಾಗಿಲಿಗೆ ಹೋಗಿ ಬರುತ್ತಿತ್ತು. ಅದರ ಓಡಾಟವೆಲ್ಲ ಲಾಗ್‌ನಲ್ಲಿ ಒಂದೊಂದು ಸಾಲಾಗಿ ದಾಖಲಾಗುತ್ತಿತ್ತು.

ನಿಮಗೆ ಇದು ಹೊಸದಾದರೆ ಹೇಳುತ್ತೇನೆ. ಡೇಟಾಬೇಸಿಗೆ ಅದರದೇ ಒಂದು ಭಾಷೆ. ಅದನ್ನು ಕಲಿತು ನಾವೇ ನೇರವಾಗಿ ಕೇಳಬಹುದು. ಇಲ್ಲವೇ ಒಆರ್‌ಎಂ ಎಂಬ ಮಧ್ಯವರ್ತಿಯನ್ನು ಇಟ್ಟುಕೊಳ್ಳಬಹುದು. ನಮ್ಮ ಮಾತನ್ನು ಅದು ತನಗೆ ತೋಚಿದ ಹಾಗೆ ಕೇಳಿ ಉತ್ತರ ತರುತ್ತದೆ. ಇವೆರಡರ ನಡುವಿನದೂ ಒಂದುಂಟು: ಪ್ರಶ್ನೆ ನಾವು ಬರೆಯಬೇಕು, ಉತ್ತರವನ್ನು ಅದು ಜೋಡಿಸಿಕೊಡುತ್ತದೆ. ಯಾವುದು ಸರಿ? ಸೋಮವಾರ ಒಂದನ್ನು ಹೊಗಳುತ್ತೇನೆ, ಗುರುವಾರದ ಹೊತ್ತಿಗೆ ಅದನ್ನೇ ಬೈಯುತ್ತಿರುತ್ತೇನೆ.

ನೇರವಾಗಿ ಕೇಳುವುದು ನನ್ನ ಜಾಯಮಾನವಲ್ಲ, ಒಪ್ಪುತ್ತೇನೆ. ಹನ್ನೊಂದು ವರ್ಷದ ಹಿಂದೆ ಸೊರಬದಲ್ಲಿ ಹೆಣ್ಣು ನೋಡಲು ಹೋದಾಗ ನನ್ನದು ಒಂದೇ ಹಟ: ಹುಡುಗಿಗೆ ಮನಸ್ಸಿದೆಯೇ ಎಂದು ಅವಳನ್ನೇ ಕೇಳಬೇಕು. ಅವಳು ಎದುರಿಗೇ ಕೂತಿದ್ದಳು. ನಾನು ಅವಲಕ್ಕಿಯಲ್ಲಿ ಶೇಂಗಾ ಹುಡುಕುತ್ತಿದ್ದೆ. ಹುಡುಗ ಬಾಯಿಬಿಟ್ಟು ಕೇಳುವುದು ನಮ್ಮಲ್ಲಿ ರೂಢಿಯಿಲ್ಲ. ಸಂಬಂಧ ತಂದವರು ಒಳಗೆ ಹೋಗಿ ಕೇಳಿಕೊಂಡು ಬರಬೇಕು. ತಂದವಳು ನನ್ನ ಸೋದರತ್ತೆ ಪಾರ್ವತತ್ತೆ. ಹುಡುಗಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು, ಅತ್ತೆ ಹಿಂದೆಯೇ ಹೋದಳು, ಎರಡೇ ನಿಮಿಷದಲ್ಲಿ ಸೆರಗಲ್ಲಿ ಬಾಯಿ ಒರೆಸಿಕೊಳ್ಳುತ್ತ ಬಂದಳು.

"ಒಪ್ಗೆ ಐತೆ ತಗಾ. ಇನ್ನೇನ್ ಬೇಕ್ ನಿಂಗೆ?"

ಅತ್ತೆಯ ಬಾಯಲ್ಲಿ ಮಾತು ಹೇಗೆ ಬದಲಾಗುತ್ತದೆಂದು ಆಮೇಲೆ ತಿಳಿಯಿತು. ಕಂಪ್ಯೂಟರ್ ಕೆಲಸ ಎಂದು ನಾನು ಹೇಳಿದ್ದು ಸೊರಬಕ್ಕೆ ತಲುಪುವಾಗ, ಹುಡುಗ ಕರೆಂಟಿನ ಸಾಮಾನೆಲ್ಲ ರಿಪೇರಿ ಮಾಡುತ್ತಾನೆ ಎಂದಾಗಿತ್ತು. ಮೊದಲ ಸಲ ಅಳಿಯನಾಗಿ ಹೋದಾಗ ಮಾವನವರು ಕೆಟ್ಟ ಮಿಕ್ಸಿ ತಂದಿಟ್ಟರು. ಮರ್ಯಾದೆಗೆ ಅಂಜಿ ಇಡೀ ಮಧ್ಯಾಹ್ನ ಬಿಚ್ಚಿದೆ. ಮಿಕ್ಸಿ ಪೂರ್ತಿ ಹೋಯಿತು. ಅತ್ತೆ ತಂದ ಒಪ್ಪಿಗೆಯ ಮೇಲೆ ನನಗೆ ಅನುಮಾನ ಅವತ್ತೇ ಬರಬೇಕಿತ್ತು.

ಬಂದದ್ದು ಇವತ್ತು, ಆ ಸಾಲುಗಳನ್ನು ನೋಡಿದ ಮೇಲೆ. ಆ ಹುಡುಗಿ, ಈಗ ನನ್ನ ಹೆಂಡತಿ ಸುಮಾ, ಪಾಠ ಮಾಡಲು ಬಳ್ಳಿಗಾವಿಯ ಶಾಲೆಗೆ ಹೊರಟು ಚಪ್ಪಲಿ ಹುಡುಕುತ್ತಿದ್ದಳು.

"ಅವತ್ತು ಹೆಣ್ಣು ನೋಡೋಕೆ ಬಂದಾಗ ನಮ್ಮತ್ತೆ ಒಳಗೆ ಬಂದು ನಿನ್ನ ಏನಂತ ಕೇಳಿದ್ಲು?"

"ನೀರು ಕೇಳಿದ್ರು. ಕೊಟ್ಟೆ. ಕುಡ್ದು ಹೋದ್ರು."

"ಮತ್ತೆ ಒಪ್ಪಿಗೆ?"

"ಅಪ್ಪ ಹೇಳಿರ್ಬೇಕು. ನನ್ನನ್ಯಾರೂ ಕೇಳ್ಲಿಲ್ಲ ರೀ. ನೀವಾದ್ರೂ ಕೇಳ್ತೀರೇನೋ ಅಂತ ಎದುರಿಗೆ ಅಷ್ಟೊತ್ತು ಕೂತಿದ್ದೆ."

ಹನ್ನೊಂದು ವರ್ಷದ ಸಂಸಾರ, ಒಬ್ಬ ಮಗಳು, ಅದರ ಬುಡದಲ್ಲಿ ಒಂದು ಲೋಟ ನೀರು! ಅತ್ತೆಯನ್ನು ಬೈಯಲೇ, ನನ್ನನ್ನೇ ಬೈದುಕೊಳ್ಳಲೇ ತಿಳಿಯಲಿಲ್ಲ. ಬಾಗಿಲ ತನಕ ಹೋಗಿ, ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ.

"ಸುಮಾ, ನಿಂಗೆ ನಾನು ಒಪ್ಪಿಗೆನಾ?"

ಅವಳು ಚಪ್ಪಲಿ ಮೆಟ್ಟಿಕೊಂಡು ನನ್ನತ್ತ ತಿರುಗಿದಳು. "ಬಸ್ ಬರೋ ಹೊತ್ತಾಯ್ತು. ಸಂಜೆ ಹೇಳ್ತೀನಿ."

ಈಗ ಮಧ್ಯಾಹ್ನ ಎರಡು ಗಂಟೆ. ಬೀಜದಂಗಡಿಯವರು ಎರಡು ಸಲ ಫೋನ್ ಮಾಡಿದರು, ಎತ್ತಲಿಲ್ಲ. ಸಂಜೆ ಹೇಳ್ತೀನಿ ಎನ್ನುವಾಗ ಸುಮಾ ನಗುತ್ತಿದ್ದಳೋ ಇಲ್ಲವೋ, ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.