ಬೆಂಕಿಗೆಂದು ತುಂಬಿಟ್ಟ ಡ್ರಮ್ಮು

ಪಟಾಕಿಯಿಂದ ನಮ್ಮ ಓಣಿಗೆ ಏನೂ ಆಗಲಿಲ್ಲ. ಆದದ್ದೆಲ್ಲ ಪಟಾಕಿಯಿಂದ ಓಣಿಯನ್ನು ಕಾಯಲು ಹೊರಟವರಿಂದ ಆಯಿತು. ಈಗ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ. ಗಾಳಿ ತಿರುಗಿತು ಎನ್ನುವವರಿದ್ದಾರೆ, ರಾಕೆಟ್ಟೇ ಖೊಟ್ಟಿ ಮಾಲು ಎನ್ನುವವರಿದ್ದಾರೆ. ಒಬ್ಬಾಕೆಯಂತೂ ಎಲ್ಲ ಗ್ರಹಚಾರ ಎಂದು ಸುಮ್ಮನಾಗಿಬಿಟ್ಟಳು. ಗಾಳಿಯ ತಪ್ಪೂ ಇಲ್ಲ, ಗ್ರಹದ ತಪ್ಪೂ ಇಲ್ಲ. ನಾನು ಮಾಳಿಗೆಯ ಮೇಲೆ ಕೂತು ಕಣ್ಣಾರೆ ನೋಡಿದವಳು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ನಮ್ಮದು ಬಳ್ಳಾರಿಯ ಕೋಟೆ ಗುಡ್ಡದ ಬುಡದ ಓಣಿ. ಆಟೋ ಒಳಗೆ ಬಂದರೆ ತಿರುಗಿಸಿಕೊಳ್ಳಲು ಜಾಗವಿಲ್ಲ, ಬಂದ ಹಾಗೆಯೇ ಹಿಂದಕ್ಕೆ ಹೋಗಬೇಕು. ಹಾಗಿದ್ದ ಮೇಲೆ ಬೆಂಕಿ ಆರಿಸುವ ಗಾಡಿ ಬರುವ ಮಾತೇ ಇಲ್ಲ. ಬೇಸಿಗೆ ಬಂತೆಂದರೆ ಎಲ್ಲರ ಮಾಳಿಗೆಯ ಮೇಲೂ ಸಂಡಿಗೆ, ಶಾವಿಗೆ, ಹಾಸಿಗೆ ಎಂದು ಏನಾದರೊಂದು ಒಣಗುತ್ತಿರುತ್ತದೆ. ಸಾಲೆ ಸೂಟಿ ಬಿಟ್ಟ ಮಕ್ಕಳ ಕೈಯಲ್ಲಿ ದೀಪಾವಳಿಯಲ್ಲಿ ಉಳಿದ ಪಟಾಕಿ. ಅದರ ಮೇಲೆ ಮದುವೆ ಮೆರವಣಿಗೆ, ಅದರ ಮೇಲೆ ಕ್ರಿಕೆಟ್ಟು. ಹೋದ ಬೇಸಿಗೆಯಲ್ಲಿ ಒಂದು ಕಿಡಿ ಹಾರಿ ಎದುರು ಮನೆಯಾಕೆಯ ಹೊಸ ಹಾಸಿಗೆಗೆ ತೂತು ಬಿತ್ತು. ಆಕೆ ಅದನ್ನು ಹೊಲಿಸಲಿಲ್ಲ. ಕಟ್ಟೆಯ ಮೇಲೆ ಹಾಕಿ, ಹೋಗಿ ಬರುವವರಿಗೆಲ್ಲ ಆ ತೂತಿನಲ್ಲಿ ಬೆರಳು ತೂರಿಸಿ ತೋರಿಸಿದಳು.

ಹಾಗಾಗಿ ಈ ಸಲ ಕ್ರಿಕೆಟ್ ಫೈನಲ್ಲಿಗೆ ಮೊದಲೇ ನಮ್ಮ ಕಂಡಕ್ಟರಪ್ಪ ಓಣಿಯ ಸಭೆ ಕರೆದ. ಅವನು ಬಳ್ಳಾರಿ-ಸಿರುಗುಪ್ಪ ಬಸ್ಸಿನ ಕಂಡಕ್ಟರಾಗಿದ್ದವನು. ರಿಟೈರಾದರೂ ಸೀಟಿ ಮಾತ್ರ ಕೊರಳಿನಿಂದ ಇಳಿದಿಲ್ಲ. ನನಗೂ ಅವನಿಗೂ ಹಳೆಯ ಲೆಕ್ಕವೊಂದಿದೆ. ಒಮ್ಮೆ ನನ್ನ ಮೆಣಸಿನಕಾಯಿ ಚೀಲವನ್ನು ಬಸ್ಸಿನ ಮೇಲೆ ಹಾಕಿಸಮ್ಮ ಎಂದ, ನಾನು ಒಲ್ಲೆ ಎಂದು ಕಾಲ ಬಳಿ ಇಟ್ಟುಕೊಂಡೆ. ಸಿರುಗುಪ್ಪ ಮುಟ್ಟುವ ತನಕ ಇಡೀ ಬಸ್ಸು ಸೀನಿತು. ಟಿಕೆಟ್ ಹರಿಯಲೂ ಅವನಿಗೆ ಪುರುಸೊತ್ತಾಗಲಿಲ್ಲ.

ಸಭೆಯಲ್ಲಿ ಕಟ್ಟೆಯ ಮೇಲೆ ಕೂತವರನ್ನು ಅವನು ಬಸ್ಸಿನಲ್ಲಿ ಒತ್ತುವ ಹಾಗೆಯೇ ಒತ್ತಿದ. "ಒಳಗ ಸರೀರಿ, ಒಳಗ ಸರೀರಿ, ಜಾಗ ಐತಿ." ಆಮೇಲೆ ಶುರುಮಾಡಿದ.

"ಪಟಾಕ್ಷಿ ಹೊಡೀಬ್ಯಾಡ್ರಿ ಅಂದ್ರ ಯಾರೂ ಕೇಳಂಗಿಲ್ಲ. ಹೊಡೀರಿ. ಆದ್ರ ಓಣಿ ಕಡೀಗೆ ಖಾಲಿ ಸೈಟ್ ಐತಲ್ಲ, ಅಲ್ಲಿ ಮಾತ್ರ. ನಾನು ಸೀಟಿ ಊದಿದ ಮ್ಯಾಲ ಮಾತ್ರ. ಸಣ್ಣ ಹುಡುಗ್ರು ರಾಕೆಟ್ ಮುಟ್ಟಂಗಿಲ್ಲ. ರಾಕೆಟ್ಟು ಜವಾಬ್ದಾರಿ ಇದ್ದೋರ ಕೈಯಾಗ ಇರ್ಬೇಕು."

"ಯಾರ್ರೀ ಅವ್ರು, ಜವಾಬ್ದಾರಿ ಇದ್ದೋರು?" ಎಂದಳು ಎದುರು ಮನೆಯಾಕೆ.

"ನಾನ."

"ಹಂಗಾರ ನಾನು ಹಾಸಿಗಿ ಒಳಗ ತಗೊಂತೀನಿ."

ಜನ ನಕ್ಕರು. ಅವನು ಸೀಟಿ ಊದಿ ಸುಮ್ಮನಿರಿಸಿದ. ಗಾಜಿನ ಬಾಟಲಿಯಲ್ಲಿ ರಾಕೆಟ್ ಇಡಬಾರದು, ಒಡೆದರೆ ಚೂರು ಸಿಡಿಯುತ್ತದೆ ಎಂದ. ಅದು ಸರಿಯಾದ ಮಾತೇ. ಮಾಳಿಗೆಯ ಮೇಲಿನ ಸಾಮಾನಿಗೆಲ್ಲ ಹಸಿ ಗೋಣಿತಟ್ಟು ಹೊದಿಸಬೇಕು ಎಂದೂ ಸೇರಿಸಿದ. ಕೊನೆಗೆ ನೀರಿನ ವಿಷಯ ತೆಗೆದ.

"ನಡು ಓಣ್ಯಾಗ ಒಂದು ದೊಡ್ಡ ಡ್ರಮ್ಮು ಇಡೋಣು. ಮನಿಗೆ ಎರಡು ಕೊಡ ನೀರು ಹಾಕ್ರಿ. ಬೆಂಕಿ ಬಿದ್ರ ಬಕೀಟು ತಗೊಂಡು ಎಲ್ಲಾರೂ ಓಡಿ ಬರ್ಬೇಕು."

ಎಲ್ಲರೂ ಎದ್ದು ಚಪ್ಪಲಿ ಹುಡುಕತೊಡಗಿದರು. ನಮ್ಮಲ್ಲಿ ನಳ ವಾರಕ್ಕೊಮ್ಮೆ ಬಂದರೆ ದೊಡ್ಡದು, ಬೇಸಿಗೆಯಲ್ಲಿ ಅದೂ ಖಾತ್ರಿಯಿಲ್ಲ. ಬಂಗಾರದ ಸರ ಕೇಳಿದರೆ ನಮ್ಮ ಓಣಿಯವರು ಮದುವೆಗೆ ಹಾಕಿಕೊಂಡು ವಾಪಸ್ ಕೊಡು ಎಂದು ಕೊಟ್ಟಾರು. ಬೇಸಿಗೆಯಲ್ಲಿ ಎರಡು ಕೊಡ ನೀರು ಕೇಳಿದರೆ ಕಿವಿ ಕೇಳಿಸುವುದಿಲ್ಲ.

ನಾನು ಎದ್ದು ನಿಂತೆ. "ಮೊದಲ ಕೊಡ ನಂದು. ಯಾರು ಹಾಕಂಗಿಲ್ಲ ಅಂತೀರಿ, ಅವ್ರ ಮನಿ ಮುಂದ ಬಂದು ಕುಂತು ಬೆಳತನಕ ಕೇಳ್ತೀನಿ."

ಎಲ್ಲರೂ ಹಾಕಿದರು. ಡ್ರಮ್ಮು ನಮ್ಮ ಮನೆ ಮುಂದೆಯೇ ಬಂತು. ಈ ಅಕ್ಕನಿಗೆ ಓಣಿಯ ಮೇಲೆ ಎಷ್ಟು ಕಳಕಳಿ ಎಂದು ಕಂಡಕ್ಟರಪ್ಪ ನಾಲ್ಕು ಜನರ ಮುಂದೆ ಹೊಗಳಿದ. ನನಗೆ ಕಳಕಳಿ ಇದ್ದದ್ದು ನನ್ನ ಮೆಣಸಿನಕಾಯಿಯ ಮೇಲೆ.

ಆ ಮೆಣಸಿನಕಾಯಿ ಸಿರುಗುಪ್ಪದ ಮದುವೆಗೆ ಹೋಗಬೇಕಾಗಿತ್ತು. ಸಿರುಗುಪ್ಪಕ್ಕೆ ಕೊಟ್ಟ ನನ್ನ ಮಗಳಿಗೆ ಒಬ್ಬಳೇ ಮಗಳು, ಆ ಮೊಮ್ಮಗಳ ಮದುವೆ. ಊಟದ ಖಾರದ ಪುಡಿಯೆಲ್ಲ ನಮ್ಮ ಮನೆಯಿಂದ ಎಂದು ನಾನೇ ಒಪ್ಪಿಕೊಂಡಿದ್ದೆ. ಒಪ್ಪಿಕೊಂಡದ್ದು ಪ್ರೀತಿಗಲ್ಲ. ಮಗಳ ಅತ್ತೆ, ಅಂದರೆ ನನ್ನ ಬೀಗತಿ, ಲಗ್ನ ಗೊತ್ತುಮಾಡುವ ದಿನ ತುಂಬಿದ ಪಡಸಾಲೆಯಲ್ಲಿ ಒಂದು ಮಾತು ಎಸೆದಿದ್ದಳು. "ಬಳ್ಳಾರಿ ಪ್ಯಾಟಿಯೋರ ಖಾರ ಸೀರಿಗೆ ಬಣ್ಣ ಹಾಕಾಕ ಬರ್ತೈತಿ ನೋಡ್ರಿ, ಸಾರಿಗೆ ಬರಂಗಿಲ್ಲ." ಆ ಮಾತನ್ನು ನುಂಗಿಕೊಂಡು ನಾನು ಕುರುಗೋಡಿಗೆ ಹೋದೆ. ಅಲ್ಲಿ ನನ್ನ ತಂಗಿಯ ಹೊಲದ ಕಾಯಿಯನ್ನು ಕೈಯಾರೆ ಆರಿಸಿ ಚೀಲ ತುಂಬಿಸಿಕೊಂಡು ಬಂದೆ. ತೊಟ್ಟು ಮುರಿದು ಮಾಳಿಗೆಯ ಮೇಲೆ ಹರವಿ, ಹಗಲು ಬಿಸಿಲು ಕಾಯಿಸಿ, ಸಂಜೆ ಗುಡ್ಡೆ ಮಾಡಿ, ಮಗುವಿನ ಹಾಗೆ ನೋಡಿಕೊಂಡೆ. ಮಗುವನ್ನಾದರೂ ಅಷ್ಟು ನೋಡಿಕೊಂಡವಳಲ್ಲ ನಾನು.

ಫೈನಲ್ ದಿನ ಸಂಜೆ ಕಂಡಕ್ಟರಪ್ಪ ಕೆಳಗಿನಿಂದ ಕೂಗಿದ. "ಯಕ್ಕಾ, ಮಾಳಿಗಿ ಮ್ಯಾಲಿನ ಸಾಮಾನಕ್ಕೆಲ್ಲ ಹಸಿ ಗೋಣಿತಟ್ಟು ಹೊಚ್ಚಬೇಕು. ಸಭೇದಾಗ ಠರಾವ್ ಆಗೈತಿ."

"ಒಣಗಿದ ಕಾಯಿಗೆ ಹಸಿ ತಟ್ಟು ಹೊಚ್ಚಿದ್ರ ಬೂಸರು ಹಿಡೀತೈತಿ. ನಿನ್ನ ಠರಾವು ನೀನ ಹೊಚ್ಚಿಕೋ."

"ಕಿಡಿ ಬಿದ್ರ?"

"ನೀನು ರಾಕೆಟ್ಟು ಗುಡ್ಡದ ಕಡಿ ಬಿಡಾವ ಹೌದಿಲ್ಲೋ? ಗುಡ್ಡಕ್ಕ ಹಸಿ ತಟ್ಟು ಹೊಚ್ಚು ಹೋಗು."

ಒಂದು ಹಳೆಯ ಸೀರೆ ಹೊದಿಸಿ, ಕೈಯಲ್ಲಿ ಕಸಬರಿಗೆ ಹಿಡಿದು ಗುಡ್ಡೆಯ ಪಕ್ಕದಲ್ಲೇ ಮಂಚ ಹಾಕಿ ಕೂತೆ. ಯಾವ ಕಿಡಿ ಬಂದರೂ ಹೊಡೆದು ಕೆಡವುತ್ತೇನೆ ಎಂಬ ಧೈರ್ಯ. ಸೊಸೆ ಕೆಳಗೆ ಡ್ರಮ್ಮಿನ ಹತ್ತಿರ ಇರಬೇಕೆಂದು ತಾಕೀತು ಮಾಡಿದ್ದೆ. ಅವಳು ಟಿ.ವಿ.ಯ ಹತ್ತಿರ ಇದ್ದಳು. ಕಂಡಕ್ಟರಪ್ಪನ ಮನೆಯ ಟಿ.ವಿ.ಯನ್ನು ಕಟ್ಟೆಯ ಮೇಲೆ ತಂದಿಟ್ಟಿದ್ದರು. ಓಣಿಯೆಲ್ಲ ಅದರ ಮುಂದೆ ಕೂತಿತ್ತು. ರೂಪನಗುಡಿಯಿಂದ ಹಾಲು ತರುವವನು ಒಂದು ಹಂಡೆ ಮಜ್ಜಿಗೆ ಕಳಿಸಿದ್ದ. ಉಪ್ಪು, ಶುಂಠಿ, ಕೊತ್ತಂಬರಿ ಹಾಕಿ ಎಲ್ಲರಿಗೂ ಲೋಟದಲ್ಲಿ ಹಂಚುತ್ತಿದ್ದರು. ಮಾಳಿಗೆಗೆ ಒಂದು ಲೋಟ ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಆಟ ಇನ್ನೇನು ಮುಗಿಯುವ ಹೊತ್ತು. ಗೆಲ್ಲುತ್ತಾರೋ ಸೋಲುತ್ತಾರೋ ಎಂದು ಜನ ಉಗುರು ಕಚ್ಚುತ್ತಿದ್ದರು. ಆಗ ಕಂಡಕ್ಟರಪ್ಪ ಎದ್ದು ಖಾಲಿ ಸೈಟಿಗೆ ಹೋದ. ಗೆದ್ದ ಮೇಲೆ ಗದ್ದಲದಲ್ಲಿ ಹೊಡೆಯುವುದು ಅಪಾಯವಂತೆ, ಅದಕ್ಕೆ ಮೊದಲೇ ಒಂದು ರಾಕೆಟ್ ಬಿಟ್ಟು ಗಾಳಿ ನೋಡುತ್ತಾನಂತೆ. ಮಾಳಿಗೆಯಿಂದ ನನಗೆಲ್ಲ ಕಾಣುತ್ತಿತ್ತು. ಗಾಜು ಬೇಡವೆಂದು ಅವನೇ ಠರಾವು ಮಾಡಿದ್ದನಲ್ಲ, ಖಾಲಿ ಪ್ಲಾಸ್ಟಿಕ್ ಬಾಟಲಿ ತಂದು ನೆಲಕ್ಕಿಟ್ಟ. ಅದರಲ್ಲಿ ರಾಕೆಟ್ ನಿಲ್ಲಿಸಿ, ಗುಡ್ಡದ ಕಡೆ ಮೂತಿ ಮಾಡಿ, ಬತ್ತಿಗೆ ಊದಿನಕಡ್ಡಿ ಮುಟ್ಟಿಸಿ, ಸೀಟಿ ಊದಿದ. ಊದಿದ ಮೇಲೆ ಹಿಂದಕ್ಕೆ ಓಡಿದ.

ಖಾಲಿ ಪ್ಲಾಸ್ಟಿಕ್ ಬಾಟಲಿಗೆ ಭಾರವೆಲ್ಲಿಂದ ಬರಬೇಕು. ಅದು ಮೆಲ್ಲಗೆ ಇತ್ತ ಕಡೆ ವಾಲಿತು. ಗುಡ್ಡವನ್ನು ನೋಡುತ್ತಿದ್ದ ರಾಕೆಟ್ಟು ಈಗ ನನ್ನನ್ನು ನೋಡತೊಡಗಿತು.

ಕಸಬರಿಗೆ ಎತ್ತುವುದರೊಳಗೆ ಅದು ಓಣಿಯುದ್ದಕ್ಕೂ ಹಾರಿ ಬಂದು ಸೀರೆಯ ಕೆಳಗೆ ಹೊಕ್ಕು ಮೆಣಸಿನಕಾಯಿಯ ಗುಡ್ಡೆಯೊಳಗೆ ಕೂತುಬಿಟ್ಟಿತು. ಸಿಡಿಯಲೂ ಇಲ್ಲ. ಒಳಗೇ ಬುಸುಗುಡುತ್ತಾ ಉರಿಯಿತು. ಸೀರೆ ಹತ್ತಿಕೊಂಡಿತು. ನಾನು ಕಸಬರಿಗೆಯಿಂದ ಬಡಿದೆ, ಕಸಬರಿಗೆಯೂ ಹತ್ತಿಕೊಂಡಿತು. ಅದನ್ನು ಓಣಿಗೆ ಎಸೆದು ಕೂಗಿದೆ. "ನೀರು ತರ್ರಿ. ಮೆಣಸಿನಕಾಯಿ ಹೊಂಟೈತಿ."

ಜನ ಎದ್ದು ಓಡಿ ಬಂದದ್ದೇನೋ ಹೌದು. ಠರಾವಿನಂತೆ ಬಕೆಟ್ ಹಿಡಿದೇ ಬಂದರು. ಡ್ರಮ್ಮಿನ ಮುಚ್ಚಳ ತೆಗೆದರು. ತಳದಲ್ಲಿ ಒಂದು ಮಗ್ಗು ಬಿದ್ದಿತ್ತು. ನೀರಿರಲಿಲ್ಲ.

"ಯಾರು ತಗೊಂಡಾರ?" ಎಂದು ಕಂಡಕ್ಟರಪ್ಪ ಕೇಳಿದ. ಅಷ್ಟರಲ್ಲಿ ಕುರುಗೋಡಿನ ಕಾಯಿಯ ಹೊಗೆ, ಮೂಗಿಗೆ ಸೆರಗು ಕಟ್ಟಿಕೊಂಡ ನನ್ನನ್ನು ಬಿಟ್ಟು, ಕೆಳಗಿಳಿದಿತ್ತು. ಮೊದಲು ಎದುರು ಮನೆಯಾಕೆ ಕೆಮ್ಮಿದಳು. ಆಮೇಲೆ ಅವಳ ಗಂಡ. ಆಮೇಲೆ ಇಡೀ ಓಣಿ. ಕೆಮ್ಮು, ಸೀನು, ಕಣ್ಣೀರು. ಸಾವಾದ ಮನೆಯಲ್ಲೂ ಅಷ್ಟು ಜನ ಒಟ್ಟಿಗೆ ಅತ್ತದ್ದನ್ನು ನಾನು ನೋಡಿಲ್ಲ. ಕಂಡಕ್ಟರಪ್ಪ ಏನೋ ಹೇಳಲು ಹೋಗಿ ಕೆಮ್ಮಿದ, ಬಾಯಲ್ಲಿದ್ದ ಸೀಟಿ ತಾನೇ ಕೂಗಿತು. ಕೆಮ್ಮಿದಾಗಲೆಲ್ಲ ಕೂಗಿತು.

ಸೊಸೆಗೆ ಆಗ ಬುದ್ಧಿ ಓಡಿತು. "ಮಜ್ಜಿಗಿ ತರ್ರಿ," ಎಂದಳು. ನಾಲ್ಕು ಜನ ಸೆರಗು, ಟವೆಲ್ಲು ಮೂಗಿಗೆ ಕಟ್ಟಿಕೊಂಡು ಹಂಡೆಯನ್ನು ಮೆಟ್ಟಿಲು ಹತ್ತಿಸಿ ತಂದು ಗುಡ್ಡೆಯ ಮೇಲೆ ಸುರಿದರು. ಬೆಂಕಿ ಚುಂಯ್ ಎಂದು ಆರಿತು. ನನ್ನ ತಲೆಯ ಮೇಲೂ ಅರ್ಧ ಲೋಟದಷ್ಟು ಬಿತ್ತು. ಕೊನೆಗೂ ನನ್ನ ಪಾಲಿನ ಮಜ್ಜಿಗೆ ಬಂತು ಎಂದುಕೊಂಡೆ.

ಆಗಲೇ ನನ್ನ ಫೋನು ಬಡಿದುಕೊಂಡಿತು. ಸಿರುಗುಪ್ಪದ ಬೀಗತಿ.

"ಏನ್ರೀ ಬೀಗತ್ಯಾರ, ಮ್ಯಾಚ್ ನೋಡಾಕತ್ತೀರೇನು? ಅದೇನದು ಅಷ್ಟು ಮಂದಿ ಕೆಮ್ಮಾದು? ದವಾಖಾನ್ಯಾಗ ಅದೀರೇನು?"

"ಮನ್ಯಾಗ ಅದೀನಿ. ನಿಮ್ಮ ಮದುವಿ ಖಾರ ಸ್ವಲ್ಪ ಬಿಸಿ ಆಗೈತಿ. ಒಂದು ಓಣಿಗೆ ಓಣಿ ಅಳಾಕತ್ತೈತಿ. ಖಾರ ಸಾಲ್ತೈತೋ, ಇನ್ನಷ್ಟು ಬೇಕೋ?"

"ಸಾಲ್ತೈತಿ ಬಿಡ್ರಿ," ಎಂದು ಫೋನಿಟ್ಟಳು.

ಈ ಗದ್ದಲದಲ್ಲಿ ಆಟದ ಕೊನೆಯನ್ನು ನಮ್ಮ ಓಣಿಯಲ್ಲಿ ಯಾರೂ ನೋಡಲಿಲ್ಲ. ಟಿ.ವಿ. ತನ್ನಷ್ಟಕ್ಕೆ ತಾನು ಕೂಗುತ್ತಿತ್ತು, ಕಣ್ಣು ಬಿಡಲು ಯಾರಿಗೂ ಆಗುತ್ತಿರಲಿಲ್ಲ. ಪಕ್ಕದ ಓಣಿಗಳಲ್ಲಿ ಪಟಾಕಿ ಹಾರಿದ ಮೇಲೆ ನಮ್ಮವರು ಗೆದ್ದರೆಂದು ತಿಳಿಯಿತು. ನಮ್ಮ ಓಣಿಯ ಪಟಾಕಿ ಡಬ್ಬಿಯಲ್ಲೇ ಉಳಿಯಿತು. ಹೊಡೆಯುವ ಆಸೆ ಯಾರಿಗೂ ಉಳಿದಿರಲಿಲ್ಲ.

ಕೆಮ್ಮು ನಿಂತ ಮೇಲೆ ಡ್ರಮ್ಮಿನ ವಿಚಾರಣೆ ಶುರುವಾಯಿತು.

"ನಾನು ಒಂದ ಕೊಡ ತಗೊಂಡಿದ್ದೆ, ಪಾತ್ರಿ ತಿಕ್ಕಾಕ," ಎಂದಳು ಎದುರು ಮನೆಯಾಕೆ. "ಒಂದು ಕೊಡಕ್ಕ ಡ್ರಮ್ಮು ಖಾಲಿ ಆಗ್ತೈತೇನು?"

"ನಾನೂ ಒಂದ," ಎಂದ ಅವಳ ಪಕ್ಕದವನು. ಅವನ ಪಕ್ಕದವಳದೂ ಒಂದೇ. ಕೇಳುತ್ತಾ ಹೋದರೆ ಯಾರದೂ ಒಂದರ ಮೇಲಿಲ್ಲ. ನನ್ನ ಸೊಸೆ ನೆಲ ನೋಡುತ್ತಿದ್ದಳು. ನಾನು ಕೇಳುವ ಮೊದಲೇ, "ಅತ್ತಿ, ನಿಮ್ಮ ಸೀರಿ ನೆನಿ ಹಾಕಾಕ," ಎಂದಳು. ಕಳ್ಳತನದಲ್ಲೂ ನನ್ನನ್ನು ಪಾಲುದಾರಳನ್ನಾಗಿ ಮಾಡಿದಳು.

ಕಂಡಕ್ಟರಪ್ಪ ಎಲ್ಲರಿಗೂ ಬುದ್ಧಿ ಹೇಳುತ್ತಾ ನಿಂತಿದ್ದ. ಸಾರ್ವಜನಿಕ ನೀರು, ಸಾರ್ವಜನಿಕ ಜವಾಬ್ದಾರಿ ಎಂದು ದೊಡ್ಡ ದೊಡ್ಡ ಮಾತು. ಒಳಗಿನಿಂದ ಅವನ ಹೆಂಡತಿ ಕೇಳಿದಳು. "ಏನ್ರೀ, ಕೂಲರಿಗೆ ಹಾಕಾಕ ಡ್ರಮ್ಮಿನ ನೀರು ಇನ್ನೊಂದು ಬಕೀಟು ತರ್ತೀನಿ ಅಂದಿದ್ರಿ, ತಂದ್ರೇನು?"

ಅವನು ಸೀಟಿಯನ್ನು ಅಂಗಿಯೊಳಗೆ ಬಿಟ್ಟುಕೊಂಡು ಮನೆಗೆ ಹೋದ.

ಮರುದಿನ ಬೆಳಕು ಹರಿಯುವಾಗಲೇ ಮಾಳಿಗೆ ಹತ್ತಿದೆ. ಮೇಲಿನ ಪದರ ಇದ್ದಿಲಾಗಿತ್ತು. ಕೆಳಗಿನದು ಮಜ್ಜಿಗೆ ಕುಡಿದು ಉಬ್ಬಿತ್ತು, ಆದರೆ ಕೆಟ್ಟಿರಲಿಲ್ಲ. ಒಂದನ್ನು ಮುರಿದು ನಾಲಿಗೆಗೆ ಹಚ್ಚಿಕೊಂಡೆ. ಖಾರ ಹಾಗೇ ಇತ್ತು, ಮೇಲೊಂದಿಷ್ಟು ಹುಳಿ. ಮದುವೆಗೆ ಸಾಕಾಗುವಷ್ಟಿತ್ತು. ಹುಳಿ ಯಾಕೆಂದು ಬೀಗತಿ ಕೇಳಿದರೆ ಕುರುಗೋಡಿನ ಮಣ್ಣಿನ ಗುಣ ಎಂದರಾಯಿತು. ಒಳ್ಳೆಯದನ್ನೆಲ್ಲ ಆರಿಸಿ ಬಿಸಿಲು ಬೀಳುವ ಕಡೆ ಹರವಿದೆ. ಸುಟ್ಟು ಕರಕಲಾದದ್ದನ್ನು ಮೊರಕ್ಕೆ ಬಳಿದುಕೊಂಡು ಕೆಳಗೆ ಬಂದೆ.

ಅಷ್ಟರಲ್ಲಿ ನಳ ಬಂತು. ಕೊಡ ಹಿಡಿದು ಓಣಿಯೆಲ್ಲ ಓಡಿ ಬಂತು. "ಮೊದಲ ಡ್ರಮ್ಮು, ಆಮ್ಯಾಲ ಮನಿ," ಎಂದು ನಳದ ಮುಂದೆ ಅಡ್ಡ ಕೂತೆ. ನಿನ್ನೆ ಒಂದೊಂದೇ ಕೊಡ ಎಂದವರೆಲ್ಲ ಎರಡೆರಡು ಕೊಡ ತಂದು ಸುರಿದರು. ಡ್ರಮ್ಮು ತುಳುಕುವಷ್ಟು ತುಂಬಿತು. ಆಮೇಲೆ ಮೊರದಲ್ಲಿದ್ದ ಸುಟ್ಟ ಮೆಣಸಿನಕಾಯಿಯನ್ನೆಲ್ಲ ಅದರೊಳಗೆ ಸುರಿದೆ, ಬಟ್ಟೆ ತಿರುವುವ ಕೋಲು ತಂದು ತಳದವರೆಗೆ ಕಲಕಿದೆ.

ಕೂಲರಿಗೆ ನೀರು ಬೇಕಾಗಿ ಕಂಡಕ್ಟರಪ್ಪ ಬಕೆಟ್ ಹಿಡಿದು ನಿಂತಿದ್ದ. ಒಳಗೆ ಬಗ್ಗಿ ನೋಡಿದ, ಸೀನಿದ, ನನ್ನ ಮುಖ ನೋಡಿದ.

"ತಗೋ," ಎಂದು ಮಗ್ಗನ್ನು ಅವನ ಕೈಗೆ ಕೊಟ್ಟು, ಚಾ ಕುಡಿಯಲು ಒಳಗೆ ಹೋದೆ.