ಕತ್ತಲಕ್ಕನ ನೀಲಿ ಉರಿ

ಇನ್ನೂ ಬೆಳಕು ಹರಿದಿಲ್ಲ. ಗ್ಯಾಸ್ ಒಲೆ ಕಾರ್ಖಾನೆಯ ಮೂಲೆಯಲ್ಲಿ, ಕಪ್ಪು ಪರದೆಯ ಪುಟ್ಟ ಕೋಣೆಯೊಳಗೆ ಆಕೆ ಸುಮ್ಮನೆ ಕುಳಿತಿದ್ದಾರೆ. ಕಣ್ಣು ಕತ್ತಲಿಗೆ ಒಗ್ಗಬೇಕು. ಅವರ ಕೆಲಸ ನೋಡಲು ಬಂದ ನಾನು ಮೊಬೈಲ್ ತೆಗೆದದ್ದೇ ತಡ, "ಜೇಬಿಗೆ ಹಾಕ್ಕೊಳಪ್ಪ, ಮತ್ತೆ ಮೊದಲಿಂದ ಕೂರ್ಬೇಕಾಗುತ್ತೆ" ಎಂದು ಗದರುತ್ತಾರೆ. ಇಲ್ಲಿ ಎಲ್ಲರಿಗೂ ಅವರು ಕತ್ತಲಕ್ಕ.

ಜೋಡಿಸಿದ ಒಲೆಗಳು ಒಂದೊಂದಾಗಿ ಒಳಗೆ ಬರುತ್ತವೆ. ಕತ್ತಲಕ್ಕ ಹಚ್ಚುತ್ತಾರೆ, ನೋಡುತ್ತಾರೆ, ಆರಿಸುತ್ತಾರೆ. ಬರ್ನರಿನ ಕೊಳವೆಯಲ್ಲೇ ಗ್ಯಾಸಿಗೆ ಒಂದಿಷ್ಟು ಗಾಳಿ ಬೆರೆಯುತ್ತದೆ, ಉಳಿದದ್ದನ್ನು ಉರಿಯೇ ಸುತ್ತಲಿಂದ ಎಳೆದುಕೊಳ್ಳುತ್ತದೆ. ಹದ ಸರಿಯಿದ್ದರೆ ಒಳಗೆ ಹಸಿರು ಬೆರೆತ ನೀಲಿ ಮೊಗ್ಗು, ಹೊರಗೆ ತೆಳು ನೀಲಿ. ಗಾಳಿ ಸಾಲದಿದ್ದರೆ ಮಸಿಯ ಕಣಗಳು ಕಾದು ತುದಿ ಹಳದಿಯಾಗಿ ಹೊಳೆಯುತ್ತದೆ. ಪಾತ್ರೆ ಕಪ್ಪಾದರೆ ತಿಕ್ಕಿಕೊಳ್ಳಬಹುದು, ಆದರೆ ಜೊತೆಗೆ ವಾಸನೆಯಿಲ್ಲದ ವಿಷಾನಿಲವೂ ಮನೆ ತುಂಬಬಹುದು.

"ಗಾಳಿ ಜಾಸ್ತಿಯಾದ್ರೆ ಉರಿ ತೂತು ಬಿಟ್ಟು ಮೇಲೆ ಹಾರುತ್ತೆ. ನಮ್ಮನೆ ಯಜಮಾನ್ರ ಥರ, ಸ್ವಲ್ಪ ಹೊಗಳಿದ್ರೆ ಕಾಲು ನೆಲದ ಮೇಲೆ ನಿಲ್ಲಲ್ಲ" ಎಂದು ನಗುತ್ತಾರೆ.

ಕೆಲವು ತಿಂಗಳ ಹಿಂದೆ ಅವರು ಬೇಡವೆಂದ ಒಲೆಗಳು ರಾಶಿ ಬಿದ್ದವು. ಮೇಲ್ವಿಚಾರಕರು ಹೊಗೆ ಅಳೆಯುವ ಯಂತ್ರ ಹಿಡಿದು ನೋಡಿದರೆ ಎಲ್ಲವೂ ಸರಿಯಾಗಿವೆ. ಅಕ್ಕನಿಗೆ ತಲೆ ಕೆಟ್ಟಿದೆ ಎಂಬ ಗುಸುಗುಸು ಬೇರೆ. ಆಗ ಬೇಡವೆಂದಿದ್ದ ಒಲೆಯೊಂದರ ಉರಿಯನ್ನು ಕತ್ತಲಕ್ಕ ಒಂದೊಂದೇ ಕಣ್ಣು ಮುಚ್ಚಿ ನೋಡಿದರು.

"ಬಲಗಣ್ಣಿಗೆ ನೀಲಿ ಮಾಸಿ ಹಳದಿ ಕಾಣ್ತಿತ್ತು. ಪೊರೆ ಬಂದಿತ್ತು. ಈ ಕೆಲಸ ಬಿಟ್ರೆ ನಂಗೇನು ಗೊತ್ತು? ಆದ್ರೂ ನಾನೇ ಹೋಗಿ ಹೇಳ್ದೆ, ನನ್ನ ಕಣ್ಣು ನಂಬ್ಬೇಡಿ ಅಂತ."

ಶಸ್ತ್ರಚಿಕಿತ್ಸೆಯ ನಂತರ ಇಂದು ಮೊದಲ ದಿನ. ಅವರನ್ನು ಇಲ್ಲೇ ಉಳಿಸಿಕೊಳ್ಳುವುದೋ ಪ್ಯಾಕಿಂಗಿಗೆ ಕಳಿಸುವುದೋ ಇಂದೇ ತೀರ್ಮಾನವಾಗಬೇಕು. ಅವರು ನೋಡಿದ ಪ್ರತಿ ಒಲೆಯೂ ಹೊರಗೆ ಯಂತ್ರದ ಕೆಳಗೆ ಹೋಗುತ್ತಿದೆ. ಮೊದಲ ಉರಿಯ ಮುಂದೆ ಅವರ ಕಣ್ಣು ತುಂಬುತ್ತದೆ. "ಇಷ್ಟು ನೀಲಿ ನೋಡಿ ಎಷ್ಟು ವರ್ಷ ಆಯ್ತೋ." ಮರುಕ್ಷಣವೇ ಮುಖ ಬಿಗಿಯುತ್ತದೆ. "ಕೆಟ್ಟದ್ದೂ ಚೆಂದ ಕಂಡ್ಬಿಟ್ರೆ?"

ಮಧ್ಯಾಹ್ನ ಮೇಲ್ವಿಚಾರಕರು ಪರದೆ ಸರಿಸದೆ, ಹೊರಗಿನಿಂದಲೇ ಹೇಳುತ್ತಾರೆ: "ಅಕ್ಕಾ, ಯಂತ್ರದ್ದೂ ನಿಮ್ಮದೂ ಒಂದೇ ಮಾತು. ನೀವು ಇಲ್ಲೇ ಇರಿ. ನಾಳೆಯಿಂದ ಯಂತ್ರ ತೆಗೆಸ್ತೀನಿ."

ನನಗೇ ನಿರಾಳವಾಯಿತು. ಕತ್ತಲಕ್ಕನಿಗೆ ಆಗಲಿಲ್ಲ.

"ಇನ್ನೊಂದು ವಾರ ಇರ್ಲಿ ಸಾರ್, ಕಣ್ಣು ಹೊಸದು. ಒಳ್ಳೇ ಒಲೆ ತಡೆದು ಬೈಸ್ಕೊಂಡಿದ್ದೀನಿ, ಕೆಟ್ಟದ್ದನ್ನ ಯಾರ ಮನೆಗೂ ಕಳಿಸಿಲ್ಲ. ಅದೊಂದನ್ನ ಉಳಿಸ್ಕೋಬೇಕು ನಾನು."