ಕತ್ತಿಯ ಮೇಲಿನ ಕೆಂಪು

ಮೇ 28, ಬೆಳಗ್ಗೆ ಆರೂ ಮುಕ್ಕಾಲು. ಮಳೆ ಹಿಡಿಯುವ ಮೊದಲು ಅಮ್ಮನ ಹನ್ನೊಂದು ಮೆಣಸಿನ ಬಳ್ಳಿಗಳಿಗೆ ಬೋರ್ಡೋ ಹೊಡೆಯಬೇಕಿತ್ತು. ಎರಡು ವರ್ಷದ ಹಿಂದೆ ಸೊರಗು ರೋಗ ಬಂದಾಗ ಉಳಿದ ಒಂದೇ ಬಳ್ಳಿಯಿಂದ ತುಂಡು ಕತ್ತರಿಸಿ ಅಮ್ಮ ಬೆಳೆಸಿದವು ಇವು. ಇವೂ ಹೋದರೆ ಆ ಜಾತಿ ನಮ್ಮಲ್ಲಿ ಮುಗಿಯಿತು.

ಬೋರ್ಡೋ ಎಂದರೆ ರೋಗ ತಡೆಯಲು ನೀರಿನಲ್ಲಿ ಕಲಸಿದ ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತದ ತಾಮ್ರವನ್ನು ಸುಣ್ಣ ಹಿಡಿದಿಟ್ಟುಕೊಳ್ಳದಿದ್ದರೆ ಎಲೆ ಸುಡುತ್ತದೆ. ನಮ್ಮ ಕಡೆ ಎರಡನ್ನೂ ಸಮಸಮ ಹಾಕುತ್ತಾರೆ. ಸುಂಟಿಕೊಪ್ಪದಲ್ಲಿ ಹತ್ತನೇ ತರಗತಿಗೆ ವಿಜ್ಞಾನದ ಟ್ಯೂಷನ್ ಹೇಳುವ ನನಗೆ ಅಷ್ಟು ಸುಣ್ಣ ದಂಡ ಎನಿಸಿತು. ಲೆಕ್ಕಕ್ಕೆ ಕೂತೆ. ಮೈಲುತುತ್ತ, CuSO₄·5H₂O, ಐದು ನೀರಿನ ಅಣುಗಳನ್ನು ಹೊತ್ತುಕೊಂಡು ಸುಮಾರು 250 ತೂಗುತ್ತದೆ; ಸುಟ್ಟ ಸುಣ್ಣ, CaO, ಬರೀ 56. ಅಂದರೆ ಕಾಲು ಭಾಗ ಸುಣ್ಣವೂ ಬೇಡ. ಅಟ್ಟದ ಮೇಲಿನ ಹಳೆಯ ಚೀಲದಿಂದ ಅಷ್ಟೇ ತೂಗಿ ಕಲಸಿದೆ.

ಅಮ್ಮ ಕೊಟ್ಟಿಗೆಗೆ ಹೋಗುತ್ತಾ, "ಕತ್ತಿ ಅದ್ದಿ ನೋಡೇ ಟೀಚರಮ್ಮ, ಕೆಂಪಾದ್ರೆ ಹೊಡಿಬ್ಯಾಡ" ಅಂದಳು.

ಅದ್ದಿದೆ. ಕೆಂಪಾಯಿತು. ತುಕ್ಕು ಎಂದು ತೀರ್ಮಾನಿಸಿದೆ. ನಮ್ಮ ಥಂಡಿಗೆ ಯಾವ ಕತ್ತಿ ತುಕ್ಕು ಹಿಡಿದಿಲ್ಲ? ಬೂದಿ ಹಾಕಿ ತಿಕ್ಕಿ ಮತ್ತೆ ಅದ್ದಿದೆ. ಮತ್ತೆ ಕೆಂಪು. ಕತ್ತಿಗೆ ಬೈದು ಮೊದಲ ಬಳ್ಳಿಗೆ ಹೊಡೆದೆ.

ಅಮ್ಮ ವಾಪಸು ಬಂದು ಕತ್ತಿ ನೋಡಿದಳು. ತುಕ್ಕು ಎಂದೆ.

"ತುಕ್ಕು ನಿಮಿಷದಾಗೆ ಬತ್ತದೇನೆ?"

ಆಗ ನೆನಪಾಯಿತು. ಹಿಂದಿನ ವಾರವೇ ನಾನು ಬೋರ್ಡಿನ ಮೇಲೆ ಬರೆದಿದ್ದೆ: ತಾಮ್ರದ ಸಲ್ಫೇಟಿನಲ್ಲಿ ಕಬ್ಬಿಣದ ಮೊಳೆ ಹಾಕಿದರೆ ತಾಮ್ರ ಬಂದು ಮೊಳೆಯ ಮೇಲೆ ಕೂರುತ್ತದೆ. ಮಕ್ಕಳಿಗೆ ಬಣ್ಣ ಹಾಕಿ ಚಿತ್ರವನ್ನೂ ಬರೆಸಿದ್ದೆ. ಆ ಕೆಂಪು, ಸುಣ್ಣ ಹಿಡಿಯದೆ ಬಿಟ್ಟ ತಾಮ್ರ. ಯಾಕೆ ಹಿಡಿಯಲಿಲ್ಲ? ಬಾಯಿ ತೆರೆದ ಚೀಲದಲ್ಲಿ ಸುಣ್ಣ ವರ್ಷವಿಡೀ ಥಂಡಿ ಕುಡಿದು, ಗಾಳಿಯನ್ನೂ ಹೀರಿ, ಹೆಚ್ಚಿನಂಶ CaCO₃ ಆಗಿತ್ತು, ಅಂದರೆ ತಾಮ್ರವನ್ನು ಸರಿಯಾಗಿ ಹಿಡಿಯಲಾರದ ಸೀಮೆಸುಣ್ಣ. ನಾನು CaO ಎಂದು ಗ್ರಾಂ ಲೆಕ್ಕದಲ್ಲಿ ತೂಗಿದ್ದು ಅದನ್ನು.

ಮೊದಲ ಬಳ್ಳಿಯನ್ನು ನೀರಿನಲ್ಲಿ ತೊಳೆದೆವು. ಪಕ್ಕದ ಮನೆಯಿಂದ ಹೊಸ ಸುಣ್ಣ ತಂದು, ಕತ್ತಿ ಬೆಳ್ಳಗೇ ಉಳಿಯುವವರೆಗೆ ಬೆರೆಸಿ ಉಳಿದ ಹತ್ತಕ್ಕೆ ಹೊಡೆದೆವು.

ಜೂನ್ 6. ಹತ್ತು ಬಳ್ಳಿ ಹಸಿರು. ಮೊದಲನೆಯದರ ಎಲೆಯೆಲ್ಲ ಕಪ್ಪಾಗಿ ಉದುರಿದೆ. ಒಂದು ಗೆಣ್ಣಿನಲ್ಲಿ ಏನೋ ಹಸಿರು ಕಾಣುತ್ತಿದೆ. ಅಮ್ಮ ಚಿಗುರು ಎನ್ನುತ್ತಾಳೆ, ನನಗೆ ಪಾಚಿ ಅನಿಸುತ್ತದೆ. ನನ್ನನ್ನು ಸದ್ಯ ಮನೆಯಲ್ಲಿ ಯಾರೂ ಕೇಳುತ್ತಿಲ್ಲ. ಸುಟ್ಟ ಬಳ್ಳಿ ಗೆಣ್ಣಿನಿಂದ ಮತ್ತೆ ಎದ್ದದ್ದನ್ನು ಕಂಡವರಿದ್ದರೆ ದಯವಿಟ್ಟು ಬರೆಯಿರಿ. ಪಾಚಿಯೇ ಆದರೂ ಬರೆಯಿರಿ; ಅಮ್ಮನಿಗೆ ನಾನೇ ನಿಧಾನವಾಗಿ ಹೇಳುತ್ತೇನೆ.